ಗಂಗಿ ರುಮಾಲು

ಮಾಣಿಕಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ ಅನ್ನುವುದು ಯೆಣೆಗೂರಿನ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಅದಕ್ಕೆ ಎಷ್ಟು ಖರ್ಚು ಬೀಳುತ್ತದೆ ಅನ್ನುವುದು ಮಾತ್ರ ಅವನ ಹೆಂಡತಿ ರಂಭಾಬಾಯಿಗೆ ಗೊತ್ತಿತ್ತು. ಹಿಂದಿನ ವರ್ಷ ಲೋಹಾರಾದ ಸಂತೆಗೆ ಎತ್ತು ಮಾರಲು ಹೋದವನು, ಗಿರಾಕಿ ಹಲ್ಲು ನೋಡುವ ಮೊದಲೇ, "ಇದು ಒದೀತದ ನೋಡಪಾ, ಮಗ್ಗಲಿಗೆ ನಿಂದರಬ್ಯಾಡ" ಅಂದುಬಿಟ್ಟಿದ್ದ. ಹೊಡಕೊಂಡು ಹೋದ ಎತ್ತನ್ನು ಹೊಡಕೊಂಡೇ ತಿರುಗಿ ಬಂದ.

"ಯಾರೂ ಕೇಳಿದ್ದಿಲ್ಲ, ತಾವಾಗೇ ಯಾಕ್ ಹೇಳಿದ್ರಿ?" ಅಂತ ರಂಭಾಬಾಯಿ ಹಣೆ ಬಡಕೊಂಡಳು.

ಅವನು ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆ ಮುಟ್ಟಿ ತೋರಿಸಿದ. "ಇದನ್ನ ಮೈಮ್ಯಾಲಿಟ್ಕೊಂಡು ಹ್ಯಾಂಗ ಮುಚ್ಚಿಡ್ಲಿ?"

ಆ ಎತ್ತು ಅವರ ಕೊಟ್ಟಿಗೆಯಲ್ಲೇ ಮೇಯುತ್ತಿತ್ತು, ಒದೆಯುತ್ತಲೂ ಇತ್ತು. ಇಂಥ ಮನುಷ್ಯ ಆ ಬೇಸಿಗೆಯಲ್ಲಿ ಮಾಡಿದ ಕೆಲಸ ನೋಡಿ ರಂಭಾಬಾಯಿ ತೆರೆದ ಬಾಯಿ ಮುಚ್ಚಲಿಲ್ಲ. ಏನು ಹೇಳಬೇಕು ಅಂಥದಕ್ಕೆ!

ಪೊಲೀಸ್ ಆಕ್ಷನ್ ಆಗಿ ಐದಾರು ವರ್ಷ ಕಳೆದಿದ್ದವು. ನಿಜಾಮನ ರೂಪಾಯಿ ಹೋಗಿ ಹೊಸ ರೂಪಾಯಿ ಬಂದಿತ್ತು, ಕಚೇರಿಗಳಲ್ಲಿ ಟೊಪಗಿ ಬದಲಾಗಿದ್ದವು. ಬದಲಾಗದೆ ಉಳಿದದ್ದು ಮೇಲಿನ ಹೊಲ. ಹೆಸರಿಗೆ ಹೊಲ, ನೋಡಿದರೆ ಕಲ್ಲಿನ ಮಾಳ. ಅದನ್ನು ಗುರಣ್ಣ ಉಳುತ್ತಿದ್ದ. ಅವನು ಬೀರಪ್ಪ ದೇವರ ಒಕ್ಕಲು, ಕುರಿಯವನು. ಅವನ ಅಪ್ಪನ ಕಾಲದಿಂದಲೂ ಬಟಾಯಿ: ಬೆಳೆದದ್ದರಲ್ಲಿ ಅರ್ಧ ಮಾಲಕನಿಗೆ, ಅರ್ಧ ಉತ್ತವನಿಗೆ. ಕಾಗದ ಅಂತ ಒಂದು ಚೂರೂ ಇರಲಿಲ್ಲ, ಎಲ್ಲಾ ಬಾಯಿಮಾತು.

ಆ ಮಾಳದಲ್ಲಿ ಬಾವಿ ತೋಡುವ ಹುಚ್ಚು ಹಿಡಿದದ್ದು ಮಗ ರೇವಣಪ್ಪನಿಗೆ. ಉದಗೀರಕ್ಕೆ ಶೇಂಗಾ ಮಾರಲು ಹೋದವನು ಅಲ್ಲಿ ಒಂದು ಬಾವಿಯ ಮೇಲೆ ಇಂಜಿನ್ ಕೂಡಿಸಿದ್ದನ್ನು ಕಂಡು ಬಂದಿದ್ದ.

"ಎತ್ತೂ ಬ್ಯಾಡ, ನೀರೆತ್ತೂ ತೊಗಲಿನ ಮ್ವಾಟಾನೂ ಬ್ಯಾಡ ಯವ್ವಾ. ಡುಗು ಡುಗು ಅಂತದ, ನೀರು ಹಳ್ಳದಂಗ ಬೀಳ್ತದ! ಮ್ಯಾಲಿನ ಹೊಲಕ್ಕ ಬಾಂವಿ ಆದ್ರ ಕಬ್ಬು ಹಚ್ಚಬಹುದು, ಬಾಳಿ ಹಚ್ಚಬಹುದು."

ರಂಭಾಬಾಯಿಗೆ ಕಬ್ಬೂ ಬೇಡ, ಬಾಳೆಯೂ ಬೇಡ. ಮದುವೆಯಾಗಿ ಬಂದಾಗಿನಿಂದ ಹಳ್ಳದ ವರತಿ ಬಳಿದು ಕೊಡ ಹೊತ್ತು ಅವಳ ನೆತ್ತಿಯ ಕೂದಲು ಸವೆದಿತ್ತು. ಬಾವಿಯ ದಂಡೆಗೆ ಒಂದು ಬದನೆಯ ಮಡಿ, ತುಂಬಿದ ಕೊಡ ಒಂದು. ಅವಳ ಆಸೆ ಅಷ್ಟೇ. ಎರಡು ಬೇಸಿಗೆ ರೇವಣಪ್ಪ ಮತ್ತು ಗುರಣ್ಣ ಸುರಂಗ ಇಟ್ಟು ಬಂಡೆ ಹಾರಿಸಿದರು. ಗುರಣ್ಣನ ಹೆಂಡತಿ ಮಲಕಮ್ಮ ಬುಟ್ಟಿಯಲ್ಲಿ ಕಲ್ಲು ಹೊತ್ತಳು. ರಂಭಾಬಾಯಿ ಎಲ್ಲರಿಗೂ ಬುತ್ತಿ ಹೊತ್ತಳು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಗುರಣ್ಣನ ಹಾರೆ ಸೆಲೆಗೆ ತಾಗಿತು. ನೀರು ಬುಳುಬುಳು ಎದ್ದಿತು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಸೆಲೆಗೆ ಯಾರ ಹಾರೆ ತಾಗಿತೋ ಅವನಿಗೆ ಹೊಲದ ಮಾಲಕ ಐದು ಮಂದಿ ಹಿರಿಯರ ಎದುರು ರುಮಾಲು ಸುತ್ತಬೇಕು, ನೀರಿನಲ್ಲಿ ಅವನಿಗೂ ಪಾಳಿ ಉಂಟು ಅಂತ ಬಾಯಿಬಿಟ್ಟು ಹೇಳಬೇಕು. ಅದು ಗಂಗಿ ರುಮಾಲು. ಆ ಮಾತಿನ ನೆಚ್ಚಿಗೆಯ ಮೇಲೆಯೇ ಅಲ್ಲಿ ಬಡವರು ಮಂದಿಯ ಹೊಲದ ಬಂಡೆ ಒಡೆಯುತ್ತಿದ್ದರು. ಮಾಣಿಕಪ್ಪ ಹೊಸ ಬಿಳಿ ರುಮಾಲು ತರಿಸಿ ಗುರಣ್ಣನ ತಲೆಗೆ ತಾನೇ ಸುತ್ತಿದ. "ಗುರಣ್ಣಾ, ಈ ನೀರು ಇರೂ ತನಕ ನಿನಗೂ ಪಾಳಿ ಅದ, ನಿನ್ನ ಮಕ್ಕಳಿಗೂ ಅದ" ಅಂದ. ಹಣೆ ತುಂಬ ಬೀರಪ್ಪನ ಅರಿಸಿನದ ಭಂಡಾರ ಬಳಕೊಂಡಿದ್ದ ಗುರಣ್ಣ ನಿಂತಲ್ಲೇ ಅತ್ತ. ಮಲಕಮ್ಮ, "ಇದಕ್ಕೇನಾತು, ಮದಿವ್ಯಾಗೂ ಹಿಂಗ ಅತ್ತಿದ್ದ" ಅಂತ ಎಲ್ಲರನ್ನೂ ನಗಿಸಿದಳು.

ಮರುದಿನದಿಂದ ಮಾಣಿಕಪ್ಪನ ಲಿಂಗಪೂಜೆಗೆ ಹೊಸ ಬಾವಿಯ ನೀರೇ. ಪೂಜೆ ಮುಗಿಸಿ ತೀರ್ಥ ಹೀರಿ, "ಸಿಹಿ ಅದ" ಅನ್ನುತ್ತಿದ್ದ, ದಿನಾಲೂ ಅದೇ ಮಾತು.

ಶಿವರಾತ್ರಿಯ ಮುಂಚೆ ನಿಲಂಗಾದಿಂದ ಬೀಗ ಕಲ್ಯಾಣಪ್ಪ ಬಂದ, ಮಗಳು ಮುಕ್ತಾಬಾಯಿಯನ್ನು ನೋಡಿಕೊಂಡು ಹೋಗಲು. ಮುಕ್ತಾಬಾಯಿ ರೇವಣಪ್ಪನ ಹೆಂಡತಿ, ಈ ಮನೆಯ ಸೊಸೆ. ಅಪ್ಪ ಬಂದ ಅಂತ ಅವಳು ಹೋಳಿಗೆ ಮಾಡಿದಳು. ಕಲ್ಯಾಣಪ್ಪ ವಕೀಲರ ಮನೆಯ ಕಟ್ಟೆ ಸವೆಸಿದ ಮನುಷ್ಯ. ಬಾವಿಯ ಸುದ್ದಿ ಕೇಳಿದ್ದೇ ಕೈಯಲ್ಲಿನ ತುತ್ತು ತಾಟಿಗೆ ಇಳಿಸಿದ.

"ಐದು ಮಂದೀ ಎದುರಿಗೆ ಪಾಳಿ ಕೊಟ್ರ್ಯಾ? ಬೀಗರ, ನಿಮ್ಮ ಕೈಯಾರೆ ಹೊಲಾ ಬರಕೊಟ್ಟಂಗ ಆತಲ್ರೀ!"

"ನೀರಿನ ಪಾಳಿ ಕೊಟ್ಟೀನಿ. ಹೊಲಾ ಎಲ್ಲಿ ಕೊಟ್ಟೀನಿ?"

"ಕಾಯ್ದಾ ಬಂದದ. ಉಳಾಂವಗ ಹಕ್ಕು ಅಂತ ಕಾಯ್ದಾ. ನಮ್ಮ ನಿಲಂಗಾದಾಗ ಎಲ್ಲಾರೂ ಬಟಾಯಿಯವರನ್ನ ಬಿಡಿಸಿಬಿಟ್ರು. ನೀವು ನೋಡಿದ್ರ ರುಮಾಲ ಸುತ್ತೀರಿ! ನಾಳಿ ಸಾಹೇಬ ಬಂದು ಈ ಹೊಲಾ ಯಾರು ಉಳ್ತಾರ, ಬಾಂವಿ ಯಾರು ತೋಡಿದ್ರು ಅಂತ ಕೇಳ್ತಾನ. ಏನ್ ಹೇಳ್ತೀರಿ?"

"ಇದ್ದದ್ದು ಹೇಳ್ತೀನಿ."

"ಹಂಗಾದ್ರ ಹೋತು ಹೊಲ. ಗುರಣ್ಣ ಕೂಲಿ ಆಳು ಅಂತ ಹೇಳ್ರಿ, ಮುಗೀತು."

"ಕೂಲಿ ಕೊಟ್ಟಿಲ್ಲಲ್ಲ."

"ಒಂದು ಮಾತು ಅನ್ಲಾಕ ಏನ್ರೀ ನಿಮಗ?"

ಮಾಣಿಕಪ್ಪನ ಕೈ ಕರಡಿಗೆಗೆ ಹೋಯಿತು. ಅರ್ಧ ತಿಂದ ಹೋಳಿಗೆ ಬಿಟ್ಟು ಎದ್ದ. ಅವನು ತಾಟಿನಲ್ಲಿ ಅನ್ನ ಬಿಟ್ಟದ್ದನ್ನು ರಂಭಾಬಾಯಿ ಆವರೆಗೆ ನೋಡಿರಲಿಲ್ಲ. ಹೊಲದ ಮೇಲೆ ಹಕ್ಕು ಹೂಡುತ್ತೀಯಾ ಅಂತ ಗುರಣ್ಣನನ್ನು ಕರೆದು ಒಂದು ಮಾತು ಕೇಳಿ ಅಂತ ಅವಳು ಹೇಳಿದ್ದಕ್ಕೆ, "ಕೇಳಿದ್ರ ಅಂವಗ ಇಲ್ಲದ್ದು ನಾವ ಕಲಿಸಿದಂಗ ಆಗ್ತದ" ಅಂದ. ಆ ಮೇಲೆ ಅವನಿಗೆ ಮಾತೇ ಬೇಡವಾಯಿತು. ಹೊಲದ ಬದುವಿನ ಮೇಲೆ ಕುಳಿತು ಬಾವಿಯನ್ನು ನೋಡುತ್ತಿದ್ದ. ಮುದುಕನಿಗೆ ನೀರಿನ ಮೋಹ ಹತ್ತಿದೆ ಅಂತ ಮನೆಯವರು ನಕ್ಕರು.

ಹೋಳಿ ಹುಣ್ಣಿಮೆ ಕಳೆದ ವಾರ ಮನೆ ಖಾಲಿಯಾಯಿತು. ರೇವಣಪ್ಪ ಇಂಜಿನ್ ಗೊತ್ತು ಮಾಡಲು ಉದಗೀರಕ್ಕೆ ಹೋದ. ಗುರಣ್ಣ ಲೋಹಾರಾದ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬಲು ಮಂದೆ ಹೊಡಕೊಂಡು ಹೋದ, ಮಲಕಮ್ಮನೂ ಜೊತೆಗೆ. ರಂಭಾಬಾಯಿ ತಮ್ಮನ ಮೊಮ್ಮಗನ ತೊಟ್ಟಿಲಿಗೆ ಅಂತ ಸೊಸೆಯನ್ನು ಕಟ್ಟಿಕೊಂಡು ಮಾಕಣಿಗೆ ಹೊರಟಳು. ಹೊರಡುವಾಗ ಮಾಣಿಕಪ್ಪ, "ಅವಸರ ಮಾಡಬ್ಯಾಡ. ನಿಂತು ಬಾ" ಅಂದ. ಎಂದೂ ಹಾಗೆ ಅಂದವನಲ್ಲ. ರಂಭಾಬಾಯಿ ಹಿಗ್ಗಿಹೋದಳು. ನೋಡಿ, ಹಿಗ್ಗಬಾರದಿತ್ತು.

ಮಾಕಣಿಯಿಂದ ಬರುವಾಗ ಅವಳು ಬದನೆ ಸಸಿ ತಂದಳು, ಹಸಿ ಅರಿವೆಯಲ್ಲಿ ಬೇರು ಸುತ್ತಿ. ಯೆಣೆಗೂರಿನಲ್ಲಿ ಬಸ್ ಇಳಿದವಳು, "ಮನಿಗೆ ಆಮ್ಯಾಲ ಹೋಗೂಣು, ಮೊದಲ ಬಾಂವೀ ನೀರು ಕುಡ್ಯೂಣು ಬಾ" ಅಂತ ಸೊಸೆಯನ್ನು ಕರಕೊಂಡು ಮೇಲಿನ ಹೊಲದ ಕಡೆ ತಿರುಗಿದಳು. ಬಿಸಿಲು ಚುರ್ ಅನ್ನುತ್ತಿತ್ತು.

ಬಾವಿ ಇರಲಿಲ್ಲ.

ದಾರಿ ತಪ್ಪಿತೇನೋ ಅಂದುಕೊಂಡಳು. ಬೇವಿನ ಗಿಡ ಅಲ್ಲೇ ಇತ್ತು, ಬದು ಅಲ್ಲೇ ಇತ್ತು. ದಂಡೆಗೆ ಗುಡ್ಡೆ ಹಾಕಿದ್ದ ಕಲ್ಲು ಮಾತ್ರ ಇರಲಿಲ್ಲ. ಎರಡು ಬೇಸಿಗೆ ಮೇಲೆತ್ತಿದ ಕಲ್ಲೆಲ್ಲ ತಿರುಗಿ ಒಳಗೆ ಹೋಗಿ, ಮೇಲೆ ಮಣ್ಣು ಎಳೆದು, ಬಂಡಿಯ ಗಾಲಿಗಳು ಹಾದು ನೆಲ ಸಪಾಟಾಗಿತ್ತು. ಅಂಚಿನಲ್ಲಿ ಒಂದು ಕಡೆ ಇನ್ನೂ ಹಸಿ ಇತ್ತು. ರಂಭಾಬಾಯಿ ಅಲ್ಲಿ ಕುಕ್ಕರಿಸಿ ಕೈಯಿಟ್ಟಳು. ತಂಪಾಗಿತ್ತು.

"ಅತ್ತೀ, ಇಲ್ಲೇ ಇತ್ತಲ್ರೀ?" ಅಂದಳು ಮುಕ್ತಾಬಾಯಿ.

ರಂಭಾಬಾಯಿ ಮಣ್ಣಿನ ಕೈ ಒರೆಸದೆ ಎದ್ದಳು. ಗಂಡಸು ಮಕ್ಕಳು ಜಗಳದಲ್ಲಿ ಬೆಳೆ ಸುಟ್ಟದ್ದು ಕೇಳಿದ್ದಳು, ಬಣವೆಗೆ ಬೆಂಕಿ ಇಟ್ಟದ್ದು ಕೇಳಿದ್ದಳು. ನೀರನ್ನು ಹೂಳಿದ್ದು ಕೇಳಿರಲಿಲ್ಲ. ಯಾರೋ ಹೊಟ್ಟೆಕಿಚ್ಚಿನವರು ಮಾಡಿದ್ದಾರೆ, ಮನೆಗೆ ಹೋಗಿ ಹೇಳಬೇಕು ಅಂತ ಓಡಿದಳು. ಓಡುವಾಗ ಅರ್ಧ ದಾರಿಯಲ್ಲಿ "ನಿಂತು ಬಾ" ಅಂದದ್ದು ನೆನಪಾಯಿತು. ಅಲ್ಲಿಂದ ಮುಂದೆ ಅವಳು ಓಡಲಿಲ್ಲ, ನಡೆದಳು.

ಮಾಣಿಕಪ್ಪ ಪಡಸಾಲೆಯಲ್ಲಿ ತಾನೇ ಬಡಿಸಿಕೊಂಡು ತಂಗಳ ರೊಟ್ಟಿ, ಶೇಂಗಾ ಹಿಂಡಿ ಉಣ್ಣುತ್ತಿದ್ದ. ಬೆರಳು ಒಡೆದಿದ್ದವು, ಉಗುರಿನಲ್ಲಿ ಮಣ್ಣು.

"ಯಾರ್ ಮಾಡಿದ್ರು?" ಅಂದಳು ರಂಭಾಬಾಯಿ.

"ನಾನ. ಪರಊರಿನ ಬಂಡಿ ಹಚ್ಚಿದ್ದೆ. ನಾನೂ ಕಲ್ಲು ಹಾಕಿದೆ."

"ತಲಿ ಕೆಟ್ಟದೇನ್ರೀ ನಿಮಗ?"

"ಸಾಹೇಬ ಬಂದು ಬಾಂವಿ ಅದ ಏನು ಅಂತ ಕೇಳಿದ್ರ ನಾ ಸುಳ್ಳ ಹೇಳ್ಲಾಕ ಆಗಾಂಗಿಲ್ಲ. ಈಗ ಇಲ್ಲ ಅಂದ್ರ ಅದು ಖರೇ."

"ಮತ್ತ ಕೊಟ್ಟ ಮಾತು? ಐದು ಮಂದೀ ಎದುರು ರುಮಾಲ ಸುತ್ತಿದ್ದು?"

"ನೀರು ಇರೂ ತನಕ ಅಂದಿದ್ದೆ." ಮಾಣಿಕಪ್ಪ ತಾಟಿನಿಂದ ಕಣ್ಣೆತ್ತಲಿಲ್ಲ. "ಮಾತು ಮುರಿದಿಲ್ಲ ನಾನು."

ರಂಭಾಬಾಯಿ ಕಂಬ ಹಿಡಕೊಂಡಳು. ಇಷ್ಟು ವರ್ಷ ಇವನ ಕೂಡ ಬಾಳಿದೆ, ಇವನ ತಲೆಯೊಳಗೆ ಇಂಥ ದಾರಿ ಇದೆ ಅಂತ ಒಂದು ದಿನವೂ ಗೊತ್ತಾಗಲಿಲ್ಲವಲ್ಲ ಶಿವನೇ! ಸಂತೆಯಲ್ಲಿ ಎತ್ತು ಒದೀತದ ಅಂತ ಹೇಳಿದ ಬಾಯಿ ಇದೇ. ಅವಳಿಗೆ ಅಳು ಬರಲಿಲ್ಲ, ಹೆದರಿಕೆಯಾಯಿತು.

ಎರಡು ದಿನ ಬಿಟ್ಟು ರೇವಣಪ್ಪ ಬಂದ. ಇಂಜಿನ್ನಿನವನ ಕೂಡ ಮಾತಾಗಿತ್ತು, ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಬಂದಿದ್ದ. ಹೊಲ ನೋಡಿ ಬಂದವನು ಅಪ್ಪನ ಎದುರು ನಿಂತು, "ಒಂದು ಮಾತು ಹೇಳಿದ್ರ ನಾನ ಬಾಂವ್ಯಾಗ ಬೀಳ್ತಿದ್ದೆ. ಕಲ್ಲಿನ ಖರ್ಚು ಉಳೀತಿತ್ತು" ಅಂದ.

"ನಿನ್ನ ಸಲುವಾಗೇ ಮಾಡೀನೋ! ಹೊಲಾ ನಿನಗ ಉಳೀಲಿ ಅಂತ."

"ಕಲ್ಲಿನ ಹೊಲಾ ಉಳೀತು. ನೆಕ್ಕೊಂತ ಕುಂದರ್ತೀನಿ."

ಅಂದಿನಿಂದ ಅವನು ಊಟದ ತಾಟು ತೆಗೆದುಕೊಂಡು ಕೊಟ್ಟಿಗೆಗೆ ಹೋಗತೊಡಗಿದ. ಬೇರೆ ಒಲೆ ಹೂಡುತ್ತೇನೆ ಅಂತಲೂ ಅಂದ. ರಂಭಾಬಾಯಿ ತನ್ನ ಸಿಟ್ಟನ್ನು ಎಲ್ಲಿ ಹಾಕಬೇಕೋ ತಿಳಿಯದೆ ಸೊಸೆಯ ಮೇಲೆ ಹಾಕಿದಳು.

"ನಿಮ್ಮಪ್ಪ ಬಂದು ಹೋಳಿಗಿ ತಿಂದ, ನಮ್ಮ ನೀರು ಕುಡದು ಹೋದ!"

ಮುಕ್ತಾಬಾಯಿ ಎಂದೂ ಎದುರಾಡಿದವಳಲ್ಲ. ಆ ದಿನ ಹಿಟ್ಟಿನ ಕೈ ಹಂಗೇ ಇಟ್ಟುಕೊಂಡು ತಿರುಗಿ ನಿಂತಳು. "ನಮ್ಮಪ್ಪ ಬಾಯಿಲೆ ಅಂದ ಅತ್ತಿ. ಕಲ್ಲು ಎತ್ತಿ ಹಾಕಿದ್ದು ನಮ್ಮಪ್ಪ ಏನ್ರೀ? ಒಂದು ಸುಳ್ಳ ಹೇಳ್ರಿ ಅಂತ ಹೇಳಿದ್ದ ಅಂವ. ಆ ಸುಳ್ಳ ಹೇಳಿದ್ರ ಬಾಂವಿ ಆದ್ರೂ ಉಳೀತಿತ್ತು."

ರಂಭಾಬಾಯಿ ಹಿತ್ತಿಲಿಗೆ ನಡೆದಳು. ಬದನೆ ಸಸಿ ಅರಿವೆಯಲ್ಲೇ ಒಣಗಿದ್ದವು, ತಿಪ್ಪೆಗೆ ಎಸೆದಳು. ಕೊಡ ಎತ್ತಿಕೊಂಡು ಹಳ್ಳದ ವರತಿಗೆ ಹೋದಳು, ಮೊದಲಿನಂತೆ.

ಗುರಣ್ಣ ಮಂದೆ ಹೊಡಕೊಂಡು ತಿರುಗಿ ಬಂದದ್ದು ಯುಗಾದಿಯ ಹೊತ್ತಿಗೆ. ಬೈಯುತ್ತಾನೆ, ಕೂಗಾಡುತ್ತಾನೆ, ಪಂಚರನ್ನು ಕೂಡಿಸುತ್ತಾನೆ ಅಂತ ರಂಭಾಬಾಯಿ ದಿನಾ ಬಾಗಿಲು ನೋಡಿದಳು. ಬೈದಿದ್ದರೆ ಅವಳಿಗೆ ಜೀವಕ್ಕೆ ಸಮಾಧಾನ ಆಗುತ್ತಿತ್ತು. ಬಂದವಳು ಮಲಕಮ್ಮ. ಹಿತ್ತಿಲ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ಯವ್ವಾ, ಹೊಲಾ ನಿಮ್ದು ಅಂತ ಬೀರಪ್ಪನ ಭಂಡಾರ ಮುಟ್ಟಿ ಹೇಳ್ತಿದ್ವಿ ನಾವು. ಒಂದ ಸಲ ಕೇಳಿದ್ರ ಆಗ್ತಿತ್ತಲ್ಲ."

"ನಾ ಅಂದೆ ಮಲಕವ್ವಾ, ಕೇಳ್ರಿ ಅಂತ ಅಂದೆ."

"ನಮ್ಮಾಂವ ಬಾಂವಿ ಇದ್ದಲ್ಲಿ ಹೋಗಿ ಕುಂತಾನ. ಉಣವಲ್ಲ. ಸತ್ತವರ ಮನ್ಯಾಗ ಕುಂತಂಗ ಕುಂತಾನ."

ರಂಭಾಬಾಯಿ ನಾಲ್ಕು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಮಲಕಮ್ಮ ತೆಗೆದುಕೊಂಡಳು, ಆದರೆ ಯಾವತ್ತಿನಂತೆ ಸಾಲದು ಅಂತ ಚೇಷ್ಟೆ ಮಾಡಲಿಲ್ಲ.

ಅದಾದ ವಾರದಲ್ಲಿ ಗಿರ್ದಾವರ ಸಾಹೇಬ ಬಂದ, ಹೊಲ ಹೊಲ ತಿರುಗಿ ದಫ್ತರಿನಲ್ಲಿ ಬರೆದುಕೊಳ್ಳುವವನು. ತಟ್ಟು ಕುದುರೆಯ ಮೇಲೆ ಬಂದು ಮೇಲಿನ ಹೊಲದ ಬೇವಿನ ನೆರಳಿನಲ್ಲಿ ಇಳಿದ. ಸಾಹೇಬ ಅಂದರೆ ಊಟ ಆಗಬೇಕು. ರಂಭಾಬಾಯಿ ರೊಟ್ಟಿ, ಝುಣಕ, ಮೊಸರಿನ ಬುಟ್ಟಿ ಹೊತ್ತು ಹೋಗಿ ಗಿಡದ ಬೊಡ್ಡೆಗೆ ನಿಂತಳು. ಮಾಣಿಕಪ್ಪ ಇದ್ದ. ರೇವಣಪ್ಪ ದೂರ ನಿಂತಿದ್ದ. ಗುರಣ್ಣನಿಗೂ ಕರೆ ಹೋಗಿತ್ತು. ಕಂಬಳಿ ಹೆಗಲಿಗೆ, ಹಣೆಯಲ್ಲಿ ಭಂಡಾರ, ತಲೆಗೆ ಅದೇ ಗಂಗಿ ರುಮಾಲು.

"ಹಾಂ ಗೌಡ್ರ, ಬಾಂವಿ ಎಲ್ಲಿ?" ಅಂದ ಗಿರ್ದಾವರ, ನಗುನಗುತ್ತ. "ನಿಮ್ಮ ಹೊಲದಾಗ ನೀರು ಬಿದ್ದದ ಅಂತ ಕೇಳಿ ಮೊದಲ ಇಲ್ಲಿಗೇ ಬಂದೀನಿ. ತಗಾಯಿ ಬಂದದ. ಬಾಂವಿ ಇದ್ದವರಿಗೆ ಇಂಜಿನ್ ತಗೊಳ್ಳಾಕ ಸರ್ಕಾರ ಸಾಲಾ ಕೊಡ್ತದ. ಯಾರೂ ಮುಂದ ಬರವಲ್ರು, ಸಾಹೇಬ ಅಂದ್ರ ಓಡ್ತಾರ! ನಿಮ್ಮ ಹೆಸರು ಬರೀಬೇಕಂತ ಮಾಡೀನಿ."

ರೇವಣಪ್ಪ ಕುಸಿದು ಬದುವಿನ ಮೇಲೆ ಕುಳಿತ. ರಂಭಾಬಾಯಿಯ ಕೈಯಿಂದ ಬುಟ್ಟಿ ಜಾರಿತು, ಹಿಡಕೊಂಡಳು.

ಮಾಣಿಕಪ್ಪನ ಮುಖ ಬೂದಿಯಾಗಿತ್ತು. "ಬಾಂವಿ ಇಲ್ರೀ" ಅಂದ. ಖರೆ ಮಾತು.

"ಇಲ್ಲ? ಅಂದ್ರ ಸುಳ್ಳ ಸುದ್ದಿ ಕೊಟ್ಟಾರ." ಗಿರ್ದಾವರನಿಗೆ ಬೇಸರವಾಯಿತು. ದಫ್ತರು ತೆರೆದ. "ಇರ್ಲಿ, ಬಂದದ್ದು ಬಂದೀನಿ. ಈ ಹೊಲಾ ಯಾರು ಉಳ್ತಾರ?"

ಅಯ್ಯೋ, ಈ ಪ್ರಶ್ನೆಗೆ ಎಲ್ಲಿಯ ಕಲ್ಲು ಹಾಕುವುದು! ಮಾಣಿಕಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಕೊಂಡ. ಗಿರ್ದಾವರ ಇನ್ನೊಮ್ಮೆ ಕೇಳಿದ. ಮಾಣಿಕಪ್ಪನ ಹಣೆಯಿಂದ ಬೆವರು ಇಳಿದು ಗಡ್ಡ ತೋಯಿಸಿತು. ರಂಭಾಬಾಯಿಗೆ ಕನಿಕರ, ಸಿಟ್ಟು ಎರಡೂ ಒಟ್ಟಿಗೇ ಬಂದವು. ಹೇಳಿಬಿಡ್ರಿ, ಇದ್ದದ್ದು ಹೇಳಿಬಿಡ್ರಿ ಅಂತ ಒಳಗೇ ಒದ್ದಾಡಿದಳು.

ಆಗ ಗುರಣ್ಣ ರುಮಾಲಿನ ಸೆರಗು ಬಿಚ್ಚಿದ. ಅದರಿಂದ ಹಣೆ ಒರೆಸಿಕೊಂಡ. ಒಂದು ಸಲ ಒರೆಸಿದ, ಹೋಗಲಿಲ್ಲ. ಉಗುಳು ಹಚ್ಚಿ ಉಜ್ಜಿದ, ಭಂಡಾರ ಪೂರ್ತಿ ಹೋಗುವ ತನಕ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದ.

"ಯಾರೂ ಉಳಾಂಗಿಲ್ರೀ ಸಾಹೇಬ್ರ. ಹಾಳ ಬಿದ್ದದ. ನಾ ಕುರಿ ಕಾಯಾಂವ. ಸುಗ್ಗಿ ಮುಗದ ಮ್ಯಾಲ ಕುರಿ ತರಬ್ತೀನಿ, ಅಷ್ಟ."

ಆ ಬರಿದಾದ ಹಣೆಯನ್ನು ರಂಭಾಬಾಯಿ ನೋಡಿದಳು. ಬುಟ್ಟಿ ಕೆಳಗಿಟ್ಟು ನೆರಳಿನಿಂದ ಹೊರಗೆ ಬಂದಳು. ಪರಗಂಡಸರ ಎದುರು ಅವಳು ದನಿಯೆತ್ತಿದ್ದು ಅದೇ ಮೊದಲು.

"ಸುಳ್ಳ ಹೇಳ್ಲಾಕತ್ತಾನ್ರೀ ಸಾಹೇಬ್ರ! ಅಂವಾ ಉಳ್ತಾನ, ಅವರಪ್ಪನೂ ಉತ್ತಾನ. ಇಲ್ಲಿ ಬಾಂವಿ ಇತ್ತು. ಅಂವಾ, ನನ್ನ ಮಗಾ ಕೂಡಿ ತೋಡಿದ್ರು. ನಿಮ್ಮ ಕಾಲಕೆಳಗ ಅದ ನೋಡ್ರಿ. ತಗಿಸ್ರಿ, ನೀರು ಅದ!"

ಗಿರ್ದಾವರ ಒಮ್ಮೆ ಗುರಣ್ಣನನ್ನು, ಒಮ್ಮೆ ಮಾಣಿಕಪ್ಪನನ್ನು ನೋಡಿದ. ಕೆಟ್ಟವನಲ್ಲ ಅವನು. ಸುಮ್ಮನೆ ಬೇಸತ್ತ ಮನುಷ್ಯ, ಮುಂದೆ ಇನ್ನೂ ಮೂರು ಊರು ತಿರುಗಬೇಕಿತ್ತು.

"ಬಾಯಾರ, ಮಾಲಕರು ಬಾಯಿ ಬಿಡವಲ್ರು. ಉಳಾಂವ ಉಳಾಂಗಿಲ್ಲ ಅಂತಾನ. ನಿಮ್ಮ ಮಾತು ಯಾವ ಖಾನೇದಾಗ ಬರೀಲಿ ನಾನು?"

ಹೊಲದ ಹೆಸರಿನ ಮುಂದೆ 'ಪಡಾ' ಅಂತ ಬರೆದ. ಅಂದರೆ ಯಾರೂ ಉಳದೆ ಪಾಳು ಬಿದ್ದ ನೆಲ. ಬರೆದು, ರೊಟ್ಟಿ ಉಂಡು, ಝುಣಕ ಚಲೋ ಆಗ್ಯಾದ ಅಂತ ಹೊಗಳಿ, ತಟ್ಟು ಹತ್ತಿ ಹೋದ.

ಗುರಣ್ಣ ಕಂಬಳಿ ಕೊಡವಿಕೊಂಡು ಹೊರಟಿದ್ದ. ರಂಭಾಬಾಯಿ ಅವನ ಹಿಂದೆ ಓಡಿದಳು. "ಯಾಕ್ ಹಂಗಂದ್ಯೋ ಗುರಣ್ಣ? ಹೂಂ ಅಂದಿದ್ರ ಹೊಲಾ ನಿನ್ನ ಹೆಸರಿಗೆ ಆಗ್ತಿತ್ತು."

"ಗೌಡ್ರು ಹಂಗ ನಿಂತದ್ದು ನೋಡ್ಲಾಕ ಆಗಲಿಲ್ಲ ಯವ್ವಾ." ಗುರಣ್ಣ ನಿಲ್ಲದೆ ನಡೆಯುತ್ತಲೇ ಹೇಳಿದ. "ಹೊಲಾ ತಗೊಂಡು ಏನ್ ಮಾಡ್ಲಿ? ಆ ಕಲ್ಲು ಒಂದ ಸಲ ಎತ್ತೀನಿ. ಇನ್ನೊಮ್ಮಿ ಎತ್ತೂ ತಾಕತ್ತ ಇಲ್ಲ."

ಮರುದಿನ ಬೆಳಗ್ಗೆ ರಂಭಾಬಾಯಿ ಅಂಗಳ ಸಾರಿಸಲು ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ರುಮಾಲು ಇತ್ತು. ನೀಟಾಗಿ ಮಡಚಿತ್ತು, ಒಗೆದಿರಲಿಲ್ಲ. ದೂರದಲ್ಲಿ ಮಂದೆಯ ಧೂಳು ಕಾಣುತ್ತಿತ್ತು. ಧೂಳಿನ ಹಿಂದೆ ತಲೆಯ ಮೇಲೆ ಗಂಟು ಹೊತ್ತ ಮಲಕಮ್ಮ. ರಂಭಾಬಾಯಿ ಕೂಗಲಿಲ್ಲ. ಯಾವ ಬಾಯಿಂದ ಕೂಗಬೇಕು!

ಮಾಣಿಕಪ್ಪ ಲಿಂಗಪೂಜೆಗೆ ಮಣೆಯ ಮೇಲೆ ಕುಳಿತಿದ್ದ. ಅವಳು ರುಮಾಲು ತಂದು ಅವನ ಮುಂದೆ ಇಟ್ಟಳು. ಅವನು ಮಡಿಕೆ ಬಿಚ್ಚಿದ. ಬಿಳಿ ಸೆರಗಿನಲ್ಲಿ ಅಂಗೈಯಗಲ ಹಳದಿ ಕಲೆ.

"ಇದೇನಿದು?"

"ಭಂಡಾರ. ದೇವರನ್ನ ಹಣೀಮ್ಯಾಲ ಇಟ್ಕೊಂಡು ಸುಳ್ಳ ಹೇಳಬಾರದಲ್ರೀ? ಒರಸ್ಕೊಂಡು ಹೇಳಿದ, ನಿಮ್ಮ ಸಲುವಾಗಿ. ನೀವು ಬಾಂವಿ ಮುಚ್ಚಿದ್ರಿ, ಅಂವಾ ಹಣಿ ಒರಸ್ಕೊಂಡ. ಇಬ್ಬರದೂ ಮಾತು ಕೆಡಲಿಲ್ಲ ನೋಡ್ರಿ."

ಮಾಣಿಕಪ್ಪ ರುಮಾಲು ಮಡಚಿ ಮಣೆಯ ಬದಿಗಿಟ್ಟ. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಬಲಗೈಯನ್ನು ದಿನದಂತೆ ಅವಳ ಕಡೆ ಚಾಚಿದ.

"ನೀರು ಕೊಡು."

ರಂಭಾಬಾಯಿ ಬರಿದು ತಂಬಗಿ ಅವನ ಮುಂದೆ ಇಟ್ಟಳು.

"ಯಾವ ಬಾಂವೀದು ಕೊಡ್ಲಿ?"